ಹೊಂಗೆಮರದ ಮೇಲಿನ ಚುಕ್ಕಿ

ಈ ಕಥೆ ನಡೆದ ಊರಿಗೆ ಹೆಸರು ಬೇಡ. ಹೆಸರಿಟ್ಟರೆ ಉಳಿದ ಊರಿನವರು ಇದು ನಮ್ಮ ಮಾತಲ್ಲ ಎಂದು ಸುಮ್ಮನಾಗುತ್ತಾರೆ. ಅಲ್ಲಿನ ನಿವಾಸಿಗಳು ಪ್ರಾಣಿ ಪಕ್ಷಿಗಳು. ಎಲ್ಲರ ಬಳಿಯೂ ಮೊಬೈಲ್ ಇತ್ತು, ಎಲ್ಲರ ಮೊಬೈಲಿನಲ್ಲೂ ಊರಿನ ಆ್ಯಪ್ ಇತ್ತು. ಅದನ್ನು ತೆರೆದರೆ ಊರಿನ ನಕ್ಷೆ ಬರುತ್ತಿತ್ತು. ‘ನಮ್ಮವರು ಎಲ್ಲಿದ್ದಾರೆ?’ ಎಂಬ ಗುಂಡಿ ಒತ್ತಿದರೆ, ಒತ್ತಿದವರ ಕುಲದವರು ವಾಸವಿರುವ ಕಡೆಯೆಲ್ಲ ಕೆಂಪು ಚುಕ್ಕಿಗಳು ಮೂಡುತ್ತಿದ್ದವು. ಕಾಗೆ ಒತ್ತಿದರೆ ಕಾಗೆಗಳು, ಮೊಲ ಒತ್ತಿದರೆ ಮೊಲಗಳು. ಹೊಸದಾಗಿ ಬಂದವರು ಊರ ಬಾಗಿಲಲ್ಲಿ ನಿಂತು ಮೊದಲು ಅದನ್ನೇ ಒತ್ತುತ್ತಿದ್ದರು. ಚುಕ್ಕಿ ಇದ್ದರೆ ಒಳಗೆ ಬರುತ್ತಿದ್ದರು, ಇಲ್ಲದಿದ್ದರೆ ಮುಂದಿನ ಊರಿಗೆ ಹೋಗುತ್ತಿದ್ದರು.

ಆ ಊರಿನ ಹೊಂಗೆಮರದಲ್ಲಿ ಒಂದು ಗುಬ್ಬಿ ಇತ್ತು. ಒಂದೇ ಒಂದು. ಹಳೆಯ ಹಂಚಿನ ಮನೆಗಳು ಹೋಗಿ ಗಾಜಿನ ಗೋಡೆಗಳು ಬಂದ ಮೇಲೆ ಉಳಿದ ಗುಬ್ಬಿಗಳು ಒಂದೊಂದಾಗಿ ಇಲ್ಲವಾಗಿದ್ದವು. ಈ ಗುಬ್ಬಿ ಬೆಳಗ್ಗೆ ಎದ್ದು ಕೂಗುತ್ತಿತ್ತು, ಯಾರೂ ತಿರುಗಿ ಕೂಗುತ್ತಿರಲಿಲ್ಲ. ನಕ್ಷೆಯಲ್ಲಿ ಹೊಂಗೆಮರದ ಮೇಲೆ ಚುಕ್ಕಿಯೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಊರಿನ ಗಣತಿ ಮಾಡುವುದು ಆನೆಯ ಕೆಲಸ. ನೂರಾರು ಕಾಗೆ, ನೂರಾರು ಮೊಲಗಳ ನಡುವೆ ಗುಬ್ಬಿ ಎಂಬಲ್ಲಿ ‘ಒಂದು’ ಎಂದು ಬಂದಾಗ ಆನೆ ಅದನ್ನು ನಂಬಲಿಲ್ಲ. ಇಷ್ಟು ಚಿಕ್ಕ ಸಂಖ್ಯೆ ಕೈತಪ್ಪಿನಿಂದ ಬಂದಿರಬೇಕು ಎಂದು ತೆಗೆದುಹಾಕಿತು. ಆಮೇಲೆ ಲೆಕ್ಕ ನೋಡಲು ಚೆನ್ನಾಗಿ ಕಂಡಿತು.

ಹೀಗಿರುವಾಗ, ದಾರಿಹೋಕ ಗುಬ್ಬಿ ಯಾವುದಾದರೂ ಈ ಕಡೆ ಬಂದರೂ ನಕ್ಷೆ ನೋಡಿ ಹಾಗೇ ಹೋಗಿಬಿಡುತ್ತದೆ ಎಂಬುದು ಗುಬ್ಬಿಗೆ ಹೊಳೆಯಿತು. ಆಗಲೇ ಹೋಗಿರಬಹುದು ಎಂದೂ ಹೊಳೆಯಿತು. ತನ್ನ ಮರದ ಮೇಲೆ ಒಂದು ಚುಕ್ಕಿ ಇಡಿಸಬೇಕೆಂದು ಅದು ಕಣಜಕ್ಕೆ ಹೊರಟಿತು.

ಕಣಜ ಎಂದರೆ ಇಲ್ಲಿ ಕಾಳಿನ ಕಣಜವಲ್ಲ. ಊರಿನ ಮಾಹಿತಿಯನ್ನೆಲ್ಲ ಇಟ್ಟಿದ್ದ ಕಟ್ಟಡ. ಕಲಿತವರು ಡೇಟಾಬೇಸ್ ಎನ್ನುತ್ತಿದ್ದರು. ಅದರಲ್ಲಿ ಎರಡು ಕೋಣೆ. ಒಂದು ಹೆಸರಿನ ಕೋಣೆ, ಇನ್ನೊಂದು ಜಾಗದ ಕೋಣೆ. ಚುಕ್ಕಿ ಮೂಡಬೇಕಾದರೆ ಮೊದಲು ಹೆಸರಿನ ಕೋಣೆಯಲ್ಲಿ ಯಾರು ಎಂದು ಬರೆದು, ಆಮೇಲೆ ಜಾಗದ ಕೋಣೆಯಲ್ಲಿ ಎಲ್ಲಿ ಎಂದು ಬರೆಯಬೇಕು. ಒಬ್ಬರು ಬರೆಯುವಾಗ ಇನ್ನೊಬ್ಬರು ಬಂದು ಕೆಡಿಸಬಾರದೆಂದು ಒಂದೊಂದು ಕೋಣೆಗೂ ಒಂದೇ ಕೀಲಿ. ತೆಗೆದುಕೊಂಡವರು ಕೆಲಸ ಪೂರ್ತಿ ಮುಗಿಯುವವರೆಗೆ ಅದನ್ನು ಕೊಡುವ ಹಾಗಿರಲಿಲ್ಲ.

ಗುಬ್ಬಿ ಹೆಸರಿನ ಕೋಣೆಯ ಕೀಲಿ ಪಡೆದು ‘ಗುಬ್ಬಿ’ ಎಂದು ಒಂದು ಸಾಲು ಬರೆಯಿತು. ಜಾಗದ ಕೋಣೆಗೆ ಬಂದರೆ ಬಾಗಿಲು ಹಾಕಿತ್ತು. ಒಳಗೆ ಆನೆ. ಅದರ ಗಣತಿ ಮುಗಿಯುವುದೆಂದೇ ಇರಲಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು. ಅದು ಯಾವಾಗಲೂ ಜಾಗದಿಂದ ಶುರುಮಾಡಿ ಹೆಸರಿಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆನೆ ಹೊರಗೆ ಬಂದು ಹೆಸರಿನ ಕೀಲಿ ಕೇಳಿತು. ಕೀಲಿ ಗುಬ್ಬಿಯ ಕಾಲಿನಲ್ಲಿತ್ತು.

“ಅದು ಕೊಡಮ್ಮ, ನನ್ನದು ಮುಗಿಸಿಕೊಂಡು ಕೊಡ್ತೀನಿ,” ಎಂದಿತು ಆನೆ.

“ನೀನು ಜಾಗದ ಕೀಲಿ ಕೊಟ್ಟರೆ ನನ್ನದು ಈಗಲೇ ಮುಗಿಯುತ್ತೆ ಆನೆಯಣ್ಣ. ಒಂದೇ ಸಾಲು.”

ಇಬ್ಬರ ಮಾತೂ ಸರಿಯಾಗಿತ್ತು. ಕೆಲಸ ಮುಗಿಯದೆ ಕೀಲಿ ಬಿಡುವಂತಿಲ್ಲ, ಕೀಲಿ ಸಿಗದೆ ಕೆಲಸ ಮುಗಿಯುವಂತಿಲ್ಲ. ಇಬ್ಬರೂ ಎದುರುಬದುರು ನಿಂತರು. ಕೀಲಿ ಕಾಯುವ ಅಳಿಲು ನಗು ತಡೆಯಲಾರದೆ, “ಆನೆಯಣ್ಣ, ನೀನೂ ಹೆಸರಿನ ಕೋಣೆಯಿಂದ ಶುರುಮಾಡಿದರೆ ಇಬ್ಬರೂ ಹೀಗೆ ಸಿಕ್ಕಿಹಾಕಿಕೊಳ್ಳೋದೇ ಇಲ್ಲವಲ್ಲ!” ಎಂದಿತು.

“ನಮ್ಮಪ್ಪನ ಕಾಲದಿಂದ ನಮ್ಮ ಲೆಕ್ಕ ಜಾಗದಿಂದಲೇ,” ಎಂದಿತು ಆನೆ. “ಒಂದು ಗುಬ್ಬಿಗೋಸ್ಕರ ಬದಲಾಯಿಸೋಕಾಗುತ್ತೇನೋ?”

ಇಂಥ ಬಿಕ್ಕಟ್ಟು ಬಿಡಿಸಲೆಂದೇ ಕಣಜದಲ್ಲಿ ಒಂದು ಕೊಕ್ಕರೆ ಇತ್ತು. ಅದು ಒಂಟಿ ಕಾಲಿನಲ್ಲಿ ನಿಂತು ಎರಡೂ ಕಡೆಯ ಬರಹ ನೋಡಿತು. ಅದರ ನಿಯಮ ಸರಳ. ಯಾರ ಕೆಲಸ ಕಡಿಮೆಯೋ ಅವರ ಕೆಲಸ ಅಳಿಸಿ, ಅವರ ಕೀಲಿ ಕಿತ್ತುಕೊಳ್ಳುವುದು. ಕಡಿಮೆ ಮಾಡಿದವರಿಗೆ ಮತ್ತೆ ಮಾಡುವುದು ಸುಲಭ. ಊರಿಗೂ ನಷ್ಟ ಕಡಿಮೆ.

“ಆನೆಯದು ಅರ್ಧ ಊರು. ನಿನ್ನದು ಒಂದು ಸಾಲು,” ಎಂದಿತು ಕೊಕ್ಕರೆ. “ಬೇಜಾರು ಮಾಡ್ಕೋಬೇಡ. ಮತ್ತೆ ಬಾ.”

ಗುಬ್ಬಿ ಮತ್ತೆ ಬಂತು. ಮತ್ತೆ ಅಳಿಸಿದರು. ಹೊಂಗೆ ಹೂಬಿಟ್ಟು ನೆಲವೆಲ್ಲ ಹೂವಾಯಿತು, ಕಾಯಿ ಬಲಿಯಿತು. ಅಷ್ಟರಲ್ಲಿ ಗುಬ್ಬಿಯ ಸಾಲನ್ನು ಕೊಕ್ಕರೆ ಓದದೆಯೇ ಅಳಿಸುವುದನ್ನು ರೂಢಿಮಾಡಿಕೊಂಡಿತ್ತು. ಅದು ದುಷ್ಟ ಕೊಕ್ಕರೆಯಲ್ಲ. ಅಳಿಸುವಾಗ ಪ್ರತಿ ಸಲವೂ “ಊಟ ಆಯ್ತಾ?” ಎಂದು ಕೇಳುತ್ತಿತ್ತು. ಇಡೀ ಊರಿನಲ್ಲಿ ಗುಬ್ಬಿಯನ್ನು ಹಾಗೆ ಕೇಳುತ್ತಿದ್ದದ್ದು ಅದೊಂದೇ. ಆದ್ದರಿಂದ ಗುಬ್ಬಿಗೆ ಅದರ ಮೇಲೆ ಸರಿಯಾಗಿ ಸಿಟ್ಟೂ ಬರುತ್ತಿರಲಿಲ್ಲ.

ಒಂದು ದಿನ ಅಳಿಲು ಹೇಳಿತು: “ಗುಬ್ಬಮ್ಮ, ನೀನು ಎಷ್ಟು ಸಲ ಬಂದೆ ಅಂತ ಇಲ್ಲಿ ಯಾರೂ ನೋಡಲ್ಲ. ಎಷ್ಟು ಬರೆದೆ ಅಂತ ನೋಡ್ತಾರೆ. ಆನೆ ಹೊಸ ಗಣತಿ ಶುರುಮಾಡೋ ದಿನ ಬಾ. ಅದಕ್ಕಿಂತ ಜಾಸ್ತಿ ಬರಿ.”

“ನನ್ನ ಹತ್ತಿರ ಬರೆಯೋಕೆ ನಾನೊಬ್ಬಳೇ ಅಲ್ವ?”

“ಅದಕ್ಕೆ ನಾನೇನು ಮಾಡ್ಲಿ ತಾಯಿ!” ಎಂದು ಅಳಿಲು ಬಾಲ ಎತ್ತಿಕೊಂಡು ಹೋಯಿತು.

ಹೊಸ ಗಣತಿಯ ದಿನ ಗುಬ್ಬಿ ಹೆಸರಿನ ಕೋಣೆಗೆ ಹೋಗಿ ತನ್ನ ಹೆಸರು ಬರೆಯಿತು. ಸ್ವಲ್ಪ ಯೋಚಿಸಿ ಅದರ ಕೆಳಗೆ ತನ್ನ ತಾಯಿಯ ಹೆಸರು ಬರೆಯಿತು. ಆಮೇಲೆ ಕೊಕ್ಕು ನಿಲ್ಲಲಿಲ್ಲ. ಹಂಚಿನ ಸಂದಿಯ ಸಿದ್ದವ್ವ. ಮೀಟರ್ ಪೆಟ್ಟಿಗೆಯೊಳಗೆ ಗೂಡು ಕಟ್ಟಿ ಎಲ್ಲರಿಂದ ಬೈಸಿಕೊಂಡ ಮಾದಪ್ಪ. ಗೋಡೆಯ ಪಟದ ಹಿಂದೆ ಮೊಟ್ಟೆಯಿಟ್ಟ ಹೊನ್ನಮ್ಮ. ಕನ್ನಡಿಯಲ್ಲಿ ಕಂಡ ಗುಬ್ಬಿಯ ಜೊತೆ ದಿನವೆಲ್ಲ ಜಗಳವಾಡುತ್ತಿದ್ದ ಅವಳ ಗಂಡ. ಅಕ್ಕಿ ಅಂಗಡಿಯ ಬೋರ್ಡಿನ ಹಿಂದಿದ್ದ ಇಡೀ ಸಂಸಾರ. ಒಂದು ಹೆಸರು ಬರೆದರೆ ಅದರ ಹಿಂದೆ ಇನ್ನೊಂದು ನೆನಪಾಗುತ್ತಿತ್ತು. ಗುಬ್ಬಿ ಪ್ರತಿ ಹೆಸರನ್ನೂ ಗಟ್ಟಿಯಾಗಿ ಹೇಳಿಕೊಂಡೇ ಬರೆಯಿತು. ಕೋಣೆಯ ಗೋಡೆ ಪ್ರತಿ ಹೆಸರನ್ನೂ ತಿರುಗಿ ಹೇಳಿತು. ಬಹಳ ಕಾಲದ ಮೇಲೆ ಅದಕ್ಕೆ ತಾನು ಗುಂಪಿನಲ್ಲಿದ್ದೇನೆ ಎನಿಸಿತು.

ಎಂದಿನಂತೆ ಆನೆ ಬಂದು ನಿಂತಿತು. ಕೊಕ್ಕರೆ ಎರಡೂ ಕಡೆ ನೋಡಿತು, ಮತ್ತೊಮ್ಮೆ ನೋಡಿತು.

“ಇಷ್ಟು ಜನವೇ? ಇವರೆಲ್ಲ ಎಲ್ಲಿದ್ದಾರಮ್ಮ?”

“ನನ್ನ ಜೊತೆಯಲ್ಲೇ ಇದ್ದಾರೆ ಸ್ವಾಮಿ,” ಎಂದಿತು ಗುಬ್ಬಿ. ಅದು ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳಿದ್ದಲ್ಲ.

ಬರೆದ ಹೆಸರಿನವರು ಬದುಕಿದ್ದಾರೆಯೇ ಎಂದು ಕೇಳುವ ಪದ್ಧತಿ ಕಣಜದಲ್ಲಿ ಇರಲಿಲ್ಲ. ಕೊಕ್ಕರೆ ಆನೆಯ ಕಡೆ ತಿರುಗಿ, “ಈ ಸಲ ನಿಮ್ಮದೇ ಕಡಿಮೆ,” ಎಂದಿತು.

“ನಂದಾ? ನಂದು ಅಳಿಸ್ತೀರಾ?” ಆನೆಯ ಕಿವಿ ಎರಡೂ ನಿಂತುಹೋದವು.

“ಬೇಜಾರು ಮಾಡ್ಕೋಬೇಡಿ. ಮತ್ತೆ ಬನ್ನಿ.”

ಗುಬ್ಬಿ ಜಾಗದ ಕೋಣೆಗೆ ಹೋಗಿ ಎಲ್ಲ ಹೆಸರುಗಳ ಮುಂದೆಯೂ ‘ಹೊಂಗೆಮರ’ ಎಂದು ಬರೆಯಿತು. ಹಂಚಿನ ಸಂದಿ, ಮೀಟರ್ ಪೆಟ್ಟಿಗೆ, ಪಟದ ಗೋಡೆ ಯಾವುದೂ ಈಗ ಇರಲಿಲ್ಲವಾದ್ದರಿಂದ ಬೇರೆ ಏನು ಬರೆಯಬೇಕೆಂದು ಅದಕ್ಕೆ ತೋಚಲಿಲ್ಲ.

ಆನೆ ಮತ್ತೆ ಗಣತಿ ಮಾಡಿತು. ದೊಡ್ಡ ಸಂಖ್ಯೆಯನ್ನು ಅನುಮಾನಿಸುವ ಅಭ್ಯಾಸ ಅದಕ್ಕೆ ಇರಲಿಲ್ಲ. ಊರ ಸಭೆಯಲ್ಲಿ ಪರದೆಯ ಮೇಲೆ ಗೆರೆಯೊಂದನ್ನು ತೋರಿಸಿತು. ಸೊನ್ನೆಯಲ್ಲಿ ಮಲಗಿದ್ದ ಗೆರೆ ನೇರ ಮೇಲಕ್ಕೆ ಹೋಗಿತ್ತು. “ನಮ್ಮ ಊರಿನಲ್ಲಿ ಗುಬ್ಬಿಗಳು ಮರಳಿವೆ!” ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಗುಬ್ಬಿಗೆ ಪಕ್ಕದ ಕೋಣ, “ಸ್ವಲ್ಪ ಸರಿಯಮ್ಮ, ಕಾಣ್ತಿಲ್ಲ,” ಎಂದಿತು.

ಆದರೂ ಗುಬ್ಬಿಗೆ ಸಂತೋಷವೇ ಆಗಿತ್ತು. ಅದು ಮರಕ್ಕೆ ಹಿಂದಿರುಗಿ ಗೂಡಿನ ಪಕ್ಕದ ಕವಲನ್ನು ಗುಡಿಸಿತು. ಬರುವವರಿಗೆ ಮೆತ್ತಗಿರಲೆಂದು ಒಣಹುಲ್ಲು, ಹತ್ತಿ, ಯಾರದೋ ಸ್ವೆಟರಿನ ದಾರ ತಂದು ಹಾಸಿತು.

ಬಂತು ಕೂಡ. ಒಂದು ಮಧ್ಯಾಹ್ನ ದೂರದಿಂದ ಹಾರಿ ದಣಿದ ಒಂದು ಗಂಡುಗುಬ್ಬಿ ಊರ ಬಾಗಿಲ ಕಮಾನಿನ ಮೇಲೆ ಇಳಿಯಿತು. ದಾರಿಯ ಯಾವ ಊರಿನಲ್ಲೂ ಅದಕ್ಕೆ ತನ್ನವರು ಸಿಕ್ಕಿರಲಿಲ್ಲ. ಮೊಬೈಲ್ ತೆಗೆದು ಗುಂಡಿ ಒತ್ತಿತು. ಹೊಂಗೆಮರದ ಮೇಲೆ ಚುಕ್ಕಿಗಳು ಮೂಡಿದವು. ಒಂದರ ಮೇಲೊಂದು ಮೂಡುತ್ತಲೇ ಹೋಗಿ ಕೊನೆಗೆ ಮರವೇ ಕಾಣದಂತಾಯಿತು.

ಬಾಗಿಲು ಕಾಯುವ ಕೋತಿ ಬಗ್ಗಿ ನೋಡಿ, “ಅಬ್ಬಾ, ನಿಮ್ಮವರದೇ ಒಂದು ಪೇಟೆ ಇದೆಯಲ್ಲಪ್ಪ! ಹೋಗು, ಹೋಗು,” ಎಂದಿತು.

ಗಂಡುಗುಬ್ಬಿ ಬಹಳ ಹೊತ್ತು ಆ ಕೆಂಪನ್ನು ನೋಡಿತು.

“ಇಷ್ಟು ಜನ ಇರೋ ಮರದಲ್ಲಿ ನನಗೆಲ್ಲಿ ಜಾಗ ಇರುತ್ತೆ ಅಣ್ಣ?” ಎಂದಿತು. “ಎಲ್ಲರಿಗೂ ಅವರವರ ಜೋಡಿ ಇರುತ್ತೆ. ಗುರುತಿಲ್ಲದವನು ಹೋಗಿ ಏನಂತ ಕೂಗೋದು? ಒಂದೋ ಎರಡೋ ಚುಕ್ಕಿ ಇದ್ದಿದ್ದರೆ ಹೋಗಿ ಮಾತಾಡಿಸಬಹುದಿತ್ತು.”

ಪರದೆಯ ಮೇಲೆ ಆ್ಯಪ್ ಕೇಳಿತು: ‘ನೀವು ಹುಡುಕಿದ್ದು ಸಿಕ್ಕಿತೇ?’ ಉತ್ತರಿಸದಿದ್ದರೆ ಅದು ಮುಚ್ಚುತ್ತಿರಲಿಲ್ಲ. ಗುಬ್ಬಿ ‘ಹೌದು’ ಎಂಬುದನ್ನು ಒತ್ತಿ, ರೆಕ್ಕೆ ಕೊಡವಿಕೊಂಡು, ಮುಂದಿನ ಊರಿನ ದಾರಿ ಹಿಡಿಯಿತು.