ಗುಲಾಬಿ ಎಂಬ ಹುಂಜ

ನಾನೊಂದು ಹುಂಜ. ಹೆಸರು ಗುಲಾಬಿ. ನಗುವವರು ನಕ್ಕು ಮುಗಿಸಿ, ಆಮೇಲೆ ಹೇಳುತ್ತೇನೆ.

ನನಗೆ ತಾಯಿಯಿಲ್ಲ. ಸಾವಿರಗಟ್ಟಲೆ ಮೊಟ್ಟೆಗಳಿಗೆ ಒಟ್ಟಿಗೆ ಕಾವು ಕೊಡುವ ಒಂದು ಯಂತ್ರದಲ್ಲಿ ಹುಟ್ಟಿದೆ. ಹೊರಗೆ ಬಂದ ದಿನವೇ ಒಬ್ಬಾಕೆ ನನ್ನ ರೆಕ್ಕೆ ಬಿಡಿಸಿ ನೋಡಿ, ಗಂಡು ಎಂದು ಪಕ್ಕದ ಬುಟ್ಟಿಗೆ ಎಸೆದಳು. ಮೊಟ್ಟೆ ಇಡದವು, ಕೆಲಸಕ್ಕೆ ಬಾರದವು ಎಂದು ನಮ್ಮ ಹಣೆಬರಹವನ್ನು ಅಲ್ಲೇ ಬರೆದುಬಿಟ್ಟರು. ಎಲಾ ಇವರ! ಆ ಬುಟ್ಟಿ ಒಬ್ಬ ಸೈಕಲ್ ವ್ಯಾಪಾರಿಯ ಪಾಲಾಯಿತು. ಅವನು ನಮ್ಮನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆದ. ಕೆಲವರು ಹಸಿರಾದರು, ಕೆಲವರು ನೀಲಿಯಾದರು, ನಾನು ಗುಲಾಬಿಯಾದೆ.

ಪಾಂಡವಪುರದ ಒಂದು ಬೀದಿಯಲ್ಲಿ ಪೂರ್ವಿ, ಸಿಂಚು ಎಂಬ ಅಕ್ಕತಂಗಿಯರು ಅತ್ತು ರಂಪ ಮಾಡಿ ನನ್ನನ್ನು ಕೊಡಿಸಿಕೊಂಡರು. ಅಕ್ಕನಿಗೆ ಆರು ವರ್ಷ, ತಂಗಿಗೆ ಮೂರು. ಅವರಪ್ಪ ಯೋಗೇಶ, ಗೇಟು ಕಿಟಕಿಗಳಿಗೆ ವೆಲ್ಡಿಂಗ್ ಮಾಡುವವನು. ಬಣ್ಣದ ಮರಿ ಎರಡು ದಿನ ಬದುಕಿದರೆ ಹೆಚ್ಚು ಎಂದು ನನ್ನೆದುರಿಗೇ ಹೇಳಿದ. ಎರಡು ದಿನ ಕಳೆಯಿತು, ಎರಡು ವಾರವೂ ಕಳೆಯಿತು. ಸಿಂಚು ನನ್ನ ಕತ್ತು ಹಿಡಿದು ಎತ್ತುತ್ತಿದ್ದಳು, ಫ್ರಾಕಿನ ಜೇಬಿಗೆ ತುರುಕುತ್ತಿದ್ದಳು, ಒಮ್ಮೆ ಬಾಯಿ ಬಿಡಿಸಿ ಮೊಸರನ್ನ ತಿನ್ನಿಸಿದಳು. ಎಲ್ಲವನ್ನೂ ತಡೆದುಕೊಂಡೆ. ಸಾಯಲಿ ಎಂದು ಕಾಯುವವರ ಮುಂದೆ ಸಾಯುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಬಣ್ಣ ಹೋಗಿ ಬಿಳಿ ಗರಿ ಬಂತು, ಹೆಸರು ಮಾತ್ರ ಉಳಿಯಿತು. ಯೋಗೇಶನ ತಾಯಿ ಚೌಡಮ್ಮ ಹಿತ್ತಲಲ್ಲಿ ಮೂರು ಹೇಟೆ ಕೋಳಿ ಸಾಕಿದ್ದಳು. ನನ್ನನ್ನೂ ಅವುಗಳ ಜೊತೆ ಬಿಟ್ಟಳು. ಹಗಲೆಲ್ಲ ತಿಪ್ಪೆ ಕೆದಕುವುದು, ಸಂಜೆಯಾದರೆ ಬೋರಲು ಹಾಕಿದ ಬಿದಿರಿನ ಮಂಕರಿಯ ಕೆಳಗೆ ಮುದುರಿ ಕೂರುವುದು. ಪೂರ್ವಿ ನನ್ನನ್ನು ಹೇಟೆಯೆಂದೇ ನಂಬಿದ್ದಳು. ಬೆಳಗಾದರೆ ನನ್ನ ಹೊಟ್ಟೆಯ ಕೆಳಗೆ ಕೈ ಹಾಕಿ ಮೊಟ್ಟೆ ಹುಡುಕುತ್ತಿದ್ದಳು. ಥೂ, ಎಂಥ ಮುಜುಗರ! ಚೌಡಮ್ಮನಿಗೆ ನಿಜ ಗೊತ್ತಿತ್ತು. ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳೇ ಹೊರತು ಹೇಳಲಿಲ್ಲ.

ಒಂದು ಬೆಳಿಗ್ಗೆ ಗಂಟಲಲ್ಲಿ ಏನೋ ಕೆರೆದಂತಾಯಿತು. ಕತ್ತು ಚಾಚಿ ಕೂಗಿಯೇ ಬಿಟ್ಟೆ. ಯೋಗೇಶ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಂದು ನನ್ನ ತೊಡೆ ಹಿಸುಕಿ ನೋಡಿದ. ಹೊಸತೊಡಕಿಗೆ ಇದೂ ಆಯಿತು ಎಂದ. ಯುಗಾದಿಯ ಮರುದಿನ ಹೊಸತೊಡಕು. ಹಿಂದಿನ ದಿನ ಒಬ್ಬಟ್ಟು ತಿಂದ ಬಾಯಿಗೆ ಅಂದು ಬಾಡಿನ ಸಾರೇ ಬೇಕು. ಪೂರ್ವಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ಬಂದದ್ದು ಸಿಟ್ಟು.

ಆ ಮನೆಯಲ್ಲೊಂದು ಪದ್ಧತಿಯಿದೆ. ಸಾಕಿದ ಕೋಳಿಯನ್ನು ಮಾರಮ್ಮನಿಗೆ ತೋರಿಸದೆ ಕೊಯ್ಯುವುದಿಲ್ಲ. ಬೇವಿನ ಬುಡದ ಕಲ್ಲಿನ ಮುಂದೆ ನಿಲ್ಲಿಸಿ ಮೇಲೆ ತೀರ್ಥ ಹಾಕುತ್ತಾರೆ. ಕೋಳಿ ಮೈ ಕೊಡವಿದರೆ ತಾಯಿ ಒಪ್ಪಿದಳೆಂದು ಅರ್ಥ. ಕೊಡವದಿದ್ದರೆ ಕತ್ತಿ ಮುಟ್ಟಿಸುವಂತಿಲ್ಲ. ಮೊದಲು ಕರಿ ಹೇಟೆಯನ್ನು ನಿಲ್ಲಿಸಿದರು. ನೀರು ಬಿದ್ದದ್ದೇ ತಡ, ಪಾಪ, ಅವಳು ಬರ್ರನೆ ಕೊಡವಿದಳು. ಯೋಗೇಶ ಅವಳನ್ನು ಎತ್ತಿಕೊಂಡು ಗೋಡೆಯ ಆಚೆಗೆ ಹೋದ, ಬರಿಗೈಯಲ್ಲಿ ಬಂದ. ನನಗೆ ಅಷ್ಟು ಸಾಕಾಯಿತು.

ನನ್ನ ಸರದಿ ಬಂತು. ಮೊದಲ ಚೊಂಬಿನ ನೀರು ಕತ್ತಿನಿಂದ ರೆಕ್ಕೆಯ ಸಂದಿಗೆ ಇಳಿಯಿತು. ಒದ್ದೆ ಗರಿ ಕೊಡವದೆ ನಿಲ್ಲುವುದು ಎಂಥ ಹಿಂಸೆಯೆಂದು ಗರಿಯಿಲ್ಲದ ನಿಮಗೆ ತಿಳಿಯದು. ಮೈಯೆಲ್ಲ ಜುಮ್ಮೆಂದಿತು. ಕಾಲೂರಿ ನಿಂತೆ. ಎರಡನೆಯ ಚೊಂಬಿಗೂ ನಿಂತೆ. ಮೂರನೆಯದನ್ನು ಯೋಗೇಶನೇ ಚೌಡಮ್ಮನ ಕೈಯಿಂದ ಕಿತ್ತುಕೊಂಡು ನನ್ನ ನೆತ್ತಿಯ ಮೇಲೆ ಸುರಿದ. ಕಣ್ಣಿಗೆ ನೀರು ಹೋದರೂ ಅವನನ್ನೇ ದುರುಗುಟ್ಟಿ ನೋಡಿದೆ.

"ಅದು ಬ್ಯಾಡ ಅಂತೈತೆ ಕಣಜ್ಜಿ" ಎಂದಳು ಪೂರ್ವಿ, ಅಜ್ಜಿಯ ಸೀರೆ ಹಿಡಿದುಕೊಂಡು.

ಚೌಡಮ್ಮ ಮಗನ ಕೈಯಿಂದ ಚೊಂಬನ್ನು ವಾಪಸ್ಸು ತೆಗೆದುಕೊಂಡಳು. "ತಾಯಿ ಒಪ್ನಿಲ್ಲ ಕಣ್ಲಾ. ಬುಟ್ಬುಡು ಅದ್ನ."

ಕಾಲಿನ ಹಗ್ಗ ಬಿಚ್ಚಿದರು. ನಾನು ಅವಸರವಿಲ್ಲದೆ ನಡೆದುಹೋಗಿ, ತಿಪ್ಪೆ ಹತ್ತಿ, ಅಲ್ಲಿ ನಿಂತು ಕತ್ತಿನಿಂದ ಪುಕ್ಕದವರೆಗೂ ಬರ್ರೋ ಎಂದು ಮೈ ಕೊಡವಿದೆ. ಯೋಗೇಶನ ಮುಖಕ್ಕೂ ನಾಲ್ಕು ಹನಿ ಸಿಡಿದವು.

"ಅವ್ವ, ಈಗ ಕೊಡುವ್ತಲ್ಲ, ನೋಡು" ಎಂದ.

"ಅದು ಒಪ್ಗೆ ಅಲ್ಲ ಕಣ್ಲಾ, ಕೊಬ್ಬು" ಎಂದಳು ಚೌಡಮ್ಮ.

ಅದಾಗಿ ಏಳು ಯುಗಾದಿ ಕಳೆದಿವೆ. ಕಾಲುಗುರು ಸೊಟ್ಟಗಾಗಿವೆ, ಬಲಗಣ್ಣು ಮಂಜಾಗಿದೆ, ಕೂಗಿದರೆ ನಡುವೆ ಕೆಮ್ಮು ಬರುತ್ತದೆ. ಸೌದೆ ಒಟ್ಟಿಲಿನ ಪಕ್ಕ ಬಿಸಿಲು ಕಾಯುತ್ತ ಕೂರುತ್ತೇನೆ. ಮನೆಗೆ ಬಂದವರಿಗೆಲ್ಲ ಇದು ಮಾರಮ್ಮ ಉಳಿಸಿದ ಹುಂಜ ಎಂದು ತೋರಿಸುತ್ತಾರೆ. ಕೆಲವರು ಕೈಯನ್ನೂ ಮುಗಿಯುತ್ತಾರೆ. ಮುಗಿಯಲಿ, ನನಗೇನು. ಮಾರಮ್ಮನ ಮೇಲೆ ನನಗೆ ಗೌರವವಿದೆ. ಆದರೆ ಆ ದಿನ ಮೂರು ಚೊಂಬು ನೀರು ಹಾಕಿ ಅವರು ಕೇಳಿದ್ದು ನನ್ನನ್ನು. ಒಲ್ಲೆ ಎಂದವನು ನಾನು.