ಹಿತ್ತಾಳೆ ಕೊಳವೆಯ ಬೆಸುಗೆ

ಗಾಜಿನ ತೆರೆಯ ಮೇಲೆ ಹಸಿರು ಗೆರೆ ಥಟ್ಟನೆ ಕೆಳಗಿಳಿದಿತ್ತು, ಸೂಜಿ ಚುಚ್ಚಿದ ಹಾಗೆ, ಪುಣೆಯ ಪ್ರಯೋಗಾಲಯದಲ್ಲಿ, ಐವತ್ತೊಂದನೆಯ ಇಸವಿಯ ಆ ರವಿವಾರ ಸಂಜೆ — ಆರು ವರ್ಷವಾದರೂ ಅಣ್ಣಾರಾಯ ಮಾಸ್ತರರ ಕಣ್ಣಿಗೆ ಅದು ಈಗಲೂ ಇಳಿಯುತ್ತದೆ, ಉಟಗಿಯ ಶಾಲೆಯ ಈ ಕರಿಹಲಗೆಯಿಂದ ಖಡುವಿನ ಬಿಳಿ ಧೂಳು ಒರೆಸುವಾಗಲೂ. ಜೋಳದ ಕಣಿಕೆಯನ್ನು ಆಮ್ಲದಲ್ಲಿ ಕುದಿಸಿ, ಬಂದ ಎಣ್ಣೆಯಿಂದ ಫ್ಯುರಾನ್ ಎಂಬ ದ್ರವ ತೆಗೆದು, ಅದರ ಆವಿಯನ್ನು ಗಾಳಿ ಹೀರಿ ಬರಿದು ಮಾಡಿದ ಹಿತ್ತಾಳೆ ಕೊಳವೆಯೊಳಗೆ ಬಿಟ್ಟು, ರೇಡಿಯೋದ ಅಲೆಗಿಂತ ಸಣ್ಣ ಅಲೆಗಳನ್ನು ಹಾಯಿಸಿದರೆ, ಗಿರಗಿರನೆ ತಿರುಗುವ ಅಣು ತನ್ನ ತಿರುಗಾಟಕ್ಕೆ ಹೊಂದುವ ಅಲೆಯನ್ನಷ್ಟೇ ನುಂಗುತ್ತದೆ, ಆಗ ಗೆರೆ ಇಳಿಯುತ್ತದೆ, ಎಲ್ಲೆಲ್ಲಿ ಇಳಿಯಿತೆಂದು ಗಣಿಸಿದರೆ ಕಣ್ಣಿಗೆ ಕಾಣದ ಅಣುವಿನ ಆಕಾರ ತಿಳಿಯುತ್ತದೆ — ಉಂಡಿ ತಿರುಗುವುದು ಬೇರೆ, ರೊಟ್ಟಿ ತಿರುಗುವುದು ಬೇರೆ, ನಮ್ಮ ಕಣಿಕೆಯ ಅಣು ರೊಟ್ಟಿ, ಚಪ್ಪಟೆ, ಎಂದು ಇವತ್ತೂ ಮಕ್ಕಳಿಗೆ ಹೇಳಿದ್ದರು, ಹಂಗಾರ ಹೊಟ್ಟಿ ತುಂಬತೈತೇನ್ರಿ ಎಂದು ವಿಠೋಬ ಕೇಳಿ ಇಡೀ ವರ್ಗ ನಕ್ಕಿತ್ತು, ಮಹಮುದಾ ಒಬ್ಬಳು ನಗಲಿಲ್ಲ.

ಗಂಟೆ ಹೊಡೆದು ಎಲ್ಲರೂ ಓಡಿದ್ದಾರೆ, ಅವಳು ಮಾತ್ರ ಬಾಗಿಲಲ್ಲಿ ನಿಂತಿದ್ದಾಳೆ, ಕಲಾಯಿ ಇಮಾಮನ ಮಗಳು, ಅಪ್ಪ ತೀರಿಕೊಂಡು ಎರಡು ತಿಂಗಳಾಗಿಲ್ಲ, ಅವನದೇ ಹಣೆ, ಅವನದೇ ನಿಲುವು — ಮಾಸ್ತರರ ಅವ್ವ ಕೊಟ್ಟ ಕಣಿಕೆಯ ಚೀಲ ಹೊತ್ತು ಪುಣೆಗೆ ಬಂದ ಇಮಾಮ, ಅಲ್ಲಿಯ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಮೂರು ತಿಂಗಳು ಉಳಿದವನು; ಆ ಮೂರು ತಿಂಗಳೂ ಗೆರೆ ಇಳಿಯದೆ ಮೋಡದಂತೆ ಹರಡಿಕೊಳ್ಳುತ್ತಿತ್ತು, ಎಣ್ಣೆಯೇ ಶುದ್ಧವಿಲ್ಲವೆಂದು ಮತ್ತೆ ಮತ್ತೆ ಭಟ್ಟಿ ಇಳಿಸಿದ್ದರು, ಅವ್ವ ಎತ್ತಿನ ಮೇವು ಕಡಿಮೆ ಮಾಡಿ ಕಳಿಸಿದ ಕಣಿಕೆಯೆಲ್ಲ ಕರಗಿ ಹೋಗಿತ್ತು, ಎಣ್ಣಿಗಿ ಯಾಕ ಬೈತೀರಿ ಅಣ್ಣಾರಾಯರ, ಮೊದಲ ಪಾತ್ರಿ ನೋಡ್ರಿ, ಎಂದಿದ್ದ ಇಮಾಮ, ಓದಿದವರಿಗೆ ಅದು ಹೊಳೆದಿರಲಿಲ್ಲ; ಹೊರಗಿನವರಿಗೆ ಪ್ರವೇಶವಿಲ್ಲದ ಕೋಣೆಗೆ ಅವನನ್ನು ಕದ್ದು ಕರೆದೊಯ್ದದ್ದು, ಅವನು ಕೊಳವೆ ಬಿಚ್ಚಿ, ಒಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದಕ್ಕೆ ತುಟಿಯಿಟ್ಟು, ಬೆಸುಗೆಗೆಲ್ಲ ಅಂಟುವಾಳದ ನೊರೆ ಸವರಿರೆಂದು ಕಣ್ಣಲ್ಲೇ ಹೇಳಿ ಊದಿದ್ದು, ಅಲ್ಲಿ, ಮೂಲೆಯಲ್ಲಿ, ಒಂದೇ ಗುಳ್ಳೆ, ಕಡಲೆಕಾಳಿನಷ್ಟು, ಮೆಲ್ಲಗೆ ಉಬ್ಬಿದ್ದು — ಅಲ್ಲಿಂದಲೇ ಗಾಳಿ ಒಳಗೆ ನುಸುಳಿ ಗೆರೆಯನ್ನು ಕೆಡಿಸುತ್ತಿತ್ತು, ಅವನೇ ನವಸಾಗರ ಸವರಿ ತವರ ಕರಗಿಸಿ ಬೆಸೆದ, ಬೆರಳು ಸುಟ್ಟುಕೊಂಡು ಬಾಯಿಗಿಟ್ಟುಕೊಂಡ, ಸಂಜೆಗೆ ಗೆರೆ ಇಳಿಯಿತು; ಸೋರಿಕೆ ಹಿಡಿದವರು ಯಾರು ಎಂದು ಮರುದಿನ ಪ್ರಾಧ್ಯಾಪಕರು ಕೇಳಿದರು, ನಾನೇ ಸರ್, ಎಂದಿದ್ದರು ಇವರು, ಆಗೇನೋ ಹೆದರಿಕೆ, ಅವನ ಹೆಸರೆತ್ತಿದ್ದರೆ ತಮ್ಮನ್ನೇ ಹೊರಹಾಕುತ್ತಿದ್ದರು, ಆದರೆ ಊರಿನಲ್ಲಿ ಯಾರ ಹೆದರಿಕೆಯಿತ್ತು, ಊರವರು ಚಾವಡಿಯಲ್ಲಿ ಹಾರ ಹಾಕಿ ಕಥೆ ಹೇಳಿಸಿದಾಗ ಇಮಾಮನೂ ಹಿಂದೆ ನಿಂತು ಕೇಳಿದ್ದನಲ್ಲ, ಎಲ್ಲ ಮುಗಿದ ಮೇಲೆ ಹತ್ತಿರ ಬಂದು, ಭಾಳ ಚಲೋ ಹೇಳಿದ್ರಿ, ಅಷ್ಟೇ, ಗುಳ್ಳೆಯ ಮಾತು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ, ನಾಳೆ ಹೇಳಿದರಾಯಿತು, ಮುಂದಿನ ಸಲ ಹೇಳಿದರಾಯಿತು, ಎಷ್ಟು ಸಲ ಹೇಳಿದರೋ ಅಷ್ಟು ಸಲವೂ ಅವನಿಲ್ಲದೆಯೇ ಕಥೆ ನಯವಾಯಿತು — ಮನೆಯಲ್ಲಿ ಮಗಳಿಗಾದರೂ ಹೇಳಿರಬೇಕು, ಹೇಳದೆ ಇರುತ್ತಾನೆಯೇ, ಯಾಕವ್ವಾ, ಮನಿಗಿ ಹೋಗೂದಿಲ್ಲೇನು, ಎನ್ನುವ ತಮ್ಮದೇ ದನಿ ಕೇಳುತ್ತದೆ, ಹುಡುಗಿ ಪಾಟಿಚೀಲವನ್ನು ಎದೆಗವಚಿಕೊಂಡು ನೆಲ ನೋಡುತ್ತಾಳೆ, ಮಾಸ್ತರ್ರೀ, ನಂದ ಎಲ್ಲೋ ಲಕ್ಷ್ಯ ತಪ್ಪಿರಬೇಕ್ರಿ, ನೀವು ಹೇಳಿದ ಕಥ್ಯಾಗ ನಮ್ಮಪ್ಪ ಬಂದದ್ದು ಕೇಳಿಸಲೇ ಇಲ್ಲ, ಇನ್ನೊಮ್ಮಿ ಹೇಳ್ರಿ — ಮಾಸ್ತರರ ಕಣ್ಣೆದುರು ಬೆಸುಗೆಯ ಮೂಲೆಯಲ್ಲಿ ಆ ಗುಳ್ಳೆ, ಕಡಲೆಕಾಳಿನಷ್ಟು, ಉಬ್ಬುತ್ತ, ಒಡೆಯದೆ.