ತೋಫು ಅಜ್ಜಿಯ ಪರೀಕ್ಷೆ

ಬೀದಿಗೆಲ್ಲ ಅವಳು ತೋಫು ಅಜ್ಜಿ. ಸೋಯಾ ಕಾಳು ನೆನೆಸಿ, ರುಬ್ಬಿ, ಹಾಲು ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಭಾರ ಹೇರುವುದರಲ್ಲೇ ಮೂವತ್ತೈದು ವರ್ಷ ಸವೆಸಿದವಳು. ಅವಳ ತೋಫುವಿಗೆ ಹೆಸರಿಡುವ ಧೈರ್ಯ ಯಾರಿಗೂ ಇರಲಿಲ್ಲ. ರುಚಿಸದವರೂ ಅವಳ ಬಾಯಿಗೆ ಹೆದರಿ ಸುಮ್ಮನಿದ್ದರು. ಆದರೆ ಹೆತ್ತ ಮಗನಿಗೇ ಸೋಯಾ ಆಗದು. ಚೂರು ತಾಗಿದರೆ ಸಾಕು, ತುಟಿ ಊದಿಕೊಳ್ಳುತ್ತಿತ್ತು. ಊರಿಗೆಲ್ಲ ಉಣಿಸಿದ ತನಗೆ ಮಗನಿಗೆ ಒಂದು ತುತ್ತೂ ಕೊಡಲಾಗಲಿಲ್ಲ ಎಂಬ ಕೊರಗು ಅವಳನ್ನು ಎಂದೂ ಬಿಟ್ಟಿರಲಿಲ್ಲ.

ಈಗ ಮೊಮ್ಮಗಳಿಗೆ ಏಳು ತಿಂಗಳು. ಇವಳಿಗೂ ಆಗದಿದ್ದರೆ? ಅಜ್ಜಿಗೆ ಅದೊಂದೇ ಚಿಂತೆ. ಅಪ್ಪನ ವಿಷಯವೆಲ್ಲ ಕೇಳಿಕೊಂಡ ಡಾಕ್ಟರು ಮಗುವನ್ನು ಪರೀಕ್ಷಿಸಿ, ತೋಫು ತಿನ್ನಿಸಿ ನೋಡಲು ಒಪ್ಪಿಗೆ ಕೊಟ್ಟಿದ್ದರು. ಬೆಳಿಗ್ಗೆಯೇ ಕೊಡಬೇಕು, ಚಮಚದ ತುದಿಯಷ್ಟೇ ಕೊಡಬೇಕು, ಆಮೇಲೆ ಎರಡು ಗಂಟೆ ಕಣ್ಣಿಟ್ಟು ನೋಡಬೇಕು.

ಸೊಸೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಅವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಅತ್ತೆ, ತುದಿ ಅಂದ್ರೆ ತುದಿ. ಅಷ್ಟೊಂದಲ್ಲ."

"ತುದಿನೇ ಕಣೆ. ನನ್ನ ಚಮಚ ಸ್ವಲ್ಪ ದೊಡ್ಡದು, ಅಷ್ಟೆ."

ಮುಕ್ಕಾಲು ಪಾಲು ಬಟ್ಟಲಿಗೆ ವಾಪಸಾಯಿತು. ನುಣ್ಣಗೆ ಕಿವುಚಿದ ತೋಫು ಬಾಯಿಗೆ ಬಿದ್ದೊಡನೆ ಮಗು ಮುಖ ಸಿಂಡರಿಸಿತು. ಅರ್ಧ ಉಗುಳಿತು, ಯೋಚಿಸಿ ನಾಲಗೆಯಿಂದ ಒಳಗೆಳೆದುಕೊಂಡಿತು. ಅಜ್ಜಿ ಗಡಿಯಾರದ ಕೆಳಗೆ ಕೂತಳು.

"ಅಮ್ಮಾ, ಕೆನ್ನೆ ಕೆಂಪಾಯ್ತು!" ಎಂದ ಮಗ.

"ಆಗಿನಿಂದ ಗಡ್ಡ ಉಜ್ಜಿ ಉಜ್ಜಿ ಮುದ್ದು ಮಾಡ್ತಿದೀಯ, ಕೆಂಪಾಗ್ದೆ ಏನಾಗುತ್ತೆ?"

ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆದರಿಕೆ ಹೆಚ್ಚಾದಾಗಲೆಲ್ಲ ಮಗುವಿನ ಕತ್ತಿನ ಮಡಿಕೆಗೆ ಮುಖವಿಟ್ಟು ಮುತ್ತಿಕ್ಕುತ್ತಿದ್ದ. ಗಂಟೆ ಕಳೆಯುವಷ್ಟರಲ್ಲಿ ಸೊಸೆ ಕಿರುಚಿದಳು: "ಅಯ್ಯೋ, ಊದಿದೆ!"

ಅಜ್ಜಿ ಎದ್ದು ಓಡಿಬಂದಳು. "ಎಲ್ಲಿ? ಕೂಸಿಗೆ ಎಲ್ಲಿ?"

"ಕೂಸಿಗಲ್ಲ ಅತ್ತೆ, ನಿಮ್ಮ ಕೂಸಿಗೆ!"

ಮಗನ ಮೇಲ್ದುಟಿ ದಪ್ಪಗಾಗಿತ್ತು. ಮಗು ಉಗುಳಿದ್ದರಲ್ಲಿ ಒಂದು ಚೂರು ಕತ್ತಿನ ಮಡಿಕೆಯಲ್ಲಿ ಬೆಚ್ಚಗೆ ಕೂತಿತ್ತು. ಅದನ್ನು ಮೂವರಲ್ಲಿ ಯಾರೂ ನೋಡಿರಲಿಲ್ಲ. ಅವನು ಬೈಗುಳ ತಿನ್ನುತ್ತಲೇ ಜೇಬಿನ ಮಾತ್ರೆ ನುಂಗಿದ. ಮಗುವಿಗೆ ಮಾತ್ರ ಅಪ್ಪನ ಹೊಸ ಮುಖ ಬಹಳ ಹಿಡಿಸಿತು. ಕೈ ಬಡಿದು ಕೇಕೆ ಹಾಕಿ ನಕ್ಕಿತು.

ಎರಡು ಗಂಟೆ ತುಂಬಿತು. ಸೊಸೆ ಮಗುವನ್ನು ತಲೆಯಿಂದ ಕಾಲಿನವರೆಗೆ ತಪಾಸಣೆ ಮಾಡಿ, "ಒಂದು ಚುಕ್ಕೆನೂ ಇಲ್ಲ ಅತ್ತೆ" ಎಂದಳು.

ಅಜ್ಜಿಗೆ ಅಳು ತಡೆಯಲಾಗಲಿಲ್ಲ. "ನನ್ನ ಮನೇಲೂ ಒಬ್ಳು ತಿಂದ್ಲಲ್ಲ" ಎಂದಳು. ಮರುಕ್ಷಣವೇ ಮಗನತ್ತ ತಿರುಗಿದಳು: "ನೀನ್ಯಾಕೋ ಕೂಸನ್ನ ಹಾಗೆ ಗುರಾಯಿಸ್ತಿದೀಯ?"

ಅವನು ದಪ್ಪ ತುಟಿಯಲ್ಲೇ ತಡವರಿಸಿದ.

"ಬೇಗ ಮಾತು ಕಲೀಲಿ ಅಂತ. ನಿನ್ನ ತೋಫು ಹೇಗಿರುತ್ತೆ ಅಂತ ಚಿಕ್ಕಂದಿನಿಂದ ನಿನಗೆ ಹೆದರದೆ ನಿಜ ಹೇಳೋರನ್ನ ಯಾರನ್ನಾದ್ರೂ ಕೇಳ್ಬೇಕು ಅಂತಿತ್ತಮ್ಮ."